ಯಾರಿಗಾಗಿ ಬರೆದರು? ಸವದತ್ತಿ–ಕಿತ್ತೂರು ಸೀಮೆಯಲ್ಲಿ ಲೋಕಶಿಕ್ಷಣದ ಬರಹ

ಮಲಪ್ರಭೆಯ ಇಕ್ಕೆಲಗಳಲ್ಲಿ, ಎರೆಯ ಹೊಲಗಳೂ ಮಸಾರಿಯ ದಿಬ್ಬಗಳೂ ಬೋಳುಗುಡ್ಡಗಳೂ ಒಂದರೊಡನೊಂದು ಹೆಣೆದುಕೊಂಡಿರುವ ನಾಡನ್ನು ಇಂದು ನಾವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಹೆಸರುಗಳಿಂದ ಗುರುತಿಸುತ್ತೇವೆ. ಹಳೆಯ ಸರಕಾರಿ ಕಾಗದಗಳಲ್ಲಿ ಇದೇ ಸೀಮೆ ಸಂಪಗಾವಿ ತಾಲೂಕು, ಪರಸಗಡ ತಾಲೂಕು, ರಾಮದುರ್ಗ ಸಂಸ್ಥಾನ ಎಂದು ಹಂಚಿಹೋಗಿತ್ತು. ಈ ಸೀಮೆಯ ಮಾತು ಬಂದಾಗ ಚೆನ್ನಮ್ಮನ ಶೌರ್ಯವನ್ನೂ ರಾಯಣ್ಣನ ಬಲಿದಾನವನ್ನೂ ಯಲ್ಲಮ್ಮನ ಗುಡ್ಡದ ಜಾತ್ರೆಯನ್ನೂ ನೆನೆಯುವುದು ರೂಢಿ. ಅದು ತಪ್ಪೂ ಅಲ್ಲ. ಆದರೆ ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಾರದ ಇನ್ನೊಂದು ಇತಿಹಾಸವೂ ಇಲ್ಲಿ ಇದೆ: ಜನರಿಗೆ ತಿಳಿಸುವುದಕ್ಕಾಗಿ, ಕಲಿಸುವುದಕ್ಕಾಗಿ ಇಲ್ಲಿ ಬರೆದವರ ಇತಿಹಾಸ. ಬರೆದವನು ತನ್ನ ಮುಂದೆ ನಿಂತವರು ಯಾರೆಂಬುದನ್ನು ಅರಿತು ಬರೆದ ಪ್ರತಿಯೊಂದು ಕಾಲದಲ್ಲಿಯೂ ಅವನ ಬರಹವು ಉಳಿದುಕೊಂಡಿತು. ಅರಿಯದೆ ಬರೆದಾಗ, ಅಥವಾ ಅರಿತೂ ಬೇರೆಯವರಿಗಾಗಿ ಬರೆದಾಗ, ಅದು ಜನರ ಪಾಲಿಗೆ ಪರಕೀಯವಾಯಿತು, ಒಮ್ಮೊಮ್ಮೆ ಬೆಂಕಿಗೂ ಆಹುತಿಯಾಯಿತು.

ಸವದತ್ತಿಯ ಪ್ರಾಚೀನ ನಾಮಧೇಯ ಸುಗಂಧವರ್ತಿ. ಇಲ್ಲಿಂದ ಕುಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರು ಮೊದಲು ರಾಷ್ಟ್ರಕೂಟರ, ಬಳಿಕ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದು, ಕೊನೆಗೆ ಸ್ವತಂತ್ರರಾಗಿ, ಹದಿಮೂರನೆಯ ಶತಮಾನದ ಆರಂಭದ ಹೊತ್ತಿಗೆ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ತಮ್ಮ ರಾಜಧಾನಿಯನ್ನು ಸಾಗಿಸಿದರು. 980ರಲ್ಲಿ ಶಾಂತಿವರ್ಮನು ಇಲ್ಲಿಯ ಬಸದಿಗೆ ಭೂಮಿಯನ್ನು ಬಿಟ್ಟ ಶಾಸನದಿಂದ ಹಿಡಿದು, 1228ರಲ್ಲಿ ಎರಡನೆಯ ಲಕ್ಷ್ಮೀದೇವನ ಕಾಲಕ್ಕೆ ಸೇರಿದ, ರಟ್ಟರಾಜ್ಯದ ಆಧಾರಸ್ತಂಭನೆನಿಸಿದ ಮುನಿಚಂದ್ರನನ್ನು ಕೊಂಡಾಡುವ ಶಾಸನದವರೆಗೆ, ಈ ಊರಿನ ಕಲ್ಲುಗಳು ಸುಮಾರು ಎರಡೂವರೆ ಶತಮಾನಗಳ ಕಾಲ ಮಾತಾಡಿವೆ. ಸಮೀಪದ ಹೂಲಿಯೂ ಸೊಗಲವೂ ಈ ವಿಷಯದಲ್ಲಿ ಬಡವಲ್ಲ. ಹೂಲಿಯ ಅಗ್ರಹಾರದ ಸಾಸಿರ್ವರು ಮಹಾಜನರ ಹೆಸರು ಅಲ್ಲಿಯ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಶಾಸನವೆಂದರೆ ಅರಸನ ಹೊಗಳಿಕೆ ಎಂದು ತಿಳಿದವರು ಅದನ್ನು ಪೂರ್ತಿಯಾಗಿ ನೋಡಿದವರಲ್ಲ. ಅಂಥ ಒಂದು ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿದರೆ ಮೂರು ಬೇರೆ ಬೇರೆ ಜನಸಮೂಹಗಳಿಗಾಗಿ ಮೂರು ಬೇರೆ ಬೇರೆ ಬರಹಗಳು ಒಂದೇ ಹಲಗೆಯ ಮೇಲೆ ಕೂಡಿರುವುದು ಕಾಣುತ್ತದೆ. ಎಲ್ಲಕ್ಕೂ ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗವೋ ಜಿನಬಿಂಬವೋ, ಪಕ್ಕದಲ್ಲಿ ಕರುವಿಗೆ ಹಾಲೂಡಿಸುತ್ತಿರುವ ಆಕಳು, ಇದು ಅಕ್ಷರವನ್ನರಿಯದವನಿಗೆ. ಈ ದಾನವು ಸೂರ್ಯಚಂದ್ರರಿರುವವರೆಗೆ ನಡೆಯತಕ್ಕುದು, ಇದು ಇಂಥ ದೇವರಿಗೆ ಸೇರಿದ್ದು, ಇದನ್ನು ಕೆಡಿಸಿದರೆ ಗೋಹತ್ಯೆಯ ಪಾಪ ತಟ್ಟೀತು ಎಂಬ ಮೂರು ಸಂಗತಿಗಳನ್ನು ಆತನು ಒಂದಕ್ಷರವನ್ನೂ ಓದದೆ ತಿಳಿಯಬಲ್ಲನು. ಅದರ ಕೆಳಗೆ ಸಂಸ್ಕೃತದ ಮಂಗಲಶ್ಲೋಕ, ಬಳಿಕ ಕಂದ ವೃತ್ತಗಳಲ್ಲಿ ವಂಶಾವಳಿ ಮತ್ತು ಪ್ರಶಸ್ತಿ; ಇದು ಪಂಡಿತನಿಗೆ, ಆಸ್ಥಾನಿಕನಿಗೆ, ಮುಂದೆ ಬರುವ ಕವಿಗೆ. ಆಮೇಲೆ ಥಟ್ಟನೆ ಛಂದಸ್ಸು ಕಳಚಿಬಿದ್ದು, ಬರಿಯ ಗದ್ಯ ಆರಂಭವಾಗುತ್ತದೆ: ಮೂಡಲಲ್ಲಿ ಯಾವ ಹಳ್ಳ, ತೆಂಕಲಲ್ಲಿ ಯಾವ ಹೆಬ್ಬಟ್ಟೆ, ಪಡುವಲಲ್ಲಿ ಯಾರ ಹೊಲದ ಸೀಮೆಗಲ್ಲು, ಎಷ್ಟು ಮತ್ತರು ಕೆಯ್, ಗಾಣಕ್ಕೆ ಎಷ್ಟು ಎಣ್ಣೆ, ಎಲೆಯ ಹೇರಿಗೆ ಎಷ್ಟು ಎಲೆ. ಇದು ಗೌಡನಿಗೆ, ಗಾಣಿಗನಿಗೆ, ಒಕ್ಕಲಿಗನಿಗೆ. ಮೇಲಿನ ವೃತ್ತಗಳಲ್ಲಿ ಸಮಾಸಗಳ ಮೇಲೆ ಸಮಾಸಗಳನ್ನು ಪೇರಿಸಿದ ಅದೇ ಲೇಖಕನು ಇಲ್ಲಿಗೆ ಬರುತ್ತಲೂ ಹುಣಿಸೆಯ ಮರ, ಹುತ್ತ, ಕೆರೆಯ ಕೋಡಿ ಎಂದು ಆಡುಮಾತಿಗೆ ಇಳಿಯುತ್ತಾನೆ. ಏಕೆಂದರೆ ನಾಳೆ ಹೊಲದ ಬದುವಿನ ಮೇಲೆ ವ್ಯಾಜ್ಯ ಹುಟ್ಟಿದರೆ ಸಾಕ್ಷಿಗೆ ಬರತಕ್ಕುದು ಈ ಗದ್ಯವೇ ಹೊರತು ಪ್ರಶಸ್ತಿಯ ಪದ್ಯವಲ್ಲ. ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ವಡ್ಡಾರಾಧನೆಯಿಂದ ಹೊರಡುವುದು ಉಚಿತವೇ. ಆದರೆ ಶಾಸನಗಳ ಈ ಸೀಮಾವರ್ಣನೆಗಳನ್ನು ಬಿಟ್ಟುಬಿಡುವುದು ಅನ್ಯಾಯವೆಂದು ನನ್ನ ಎಣಿಕೆ.

ರಟ್ಟರು ಹೋದರು, ಯಾದವರು ಬಂದರು. ಅವರ ಬಳಿಕ ವಿಜಯನಗರ, ಆದಿಲಶಾಹಿ, ಪೇಶವೆಯರು. ಊರಿನ ಮಧ್ಯದಲ್ಲಿ ಎಲ್ಲರ ಕಣ್ಣ ಮುಂದೆ ನಿಂತಿದ್ದ ಬರಹವು ಕ್ರಮೇಣ ಊರಿನ ಕುಲಕರ್ಣಿಯ ಮನೆಯ ದಫ್ತರದ ಗಂಟಿನೊಳಗೆ ಅಡಗಿತು. ಪೇಶವೆಯರ ಆಳ್ವಿಕೆಯಲ್ಲಿ ಈ ಸೀಮೆಯ ಲೆಕ್ಕಪತ್ರಗಳಲ್ಲಿ ಮರಾಠಿ ಭಾಷೆಯೂ ಮೋಡಿ ಲಿಪಿಯೂ ಬೇರೂರಿದುವು. 1818ರಲ್ಲಿ ಪೇಶವೆಯ ರಾಜ್ಯವು ಇಂಗ್ಲಿಷರ ಕೈಸೇರಿದ ಮೇಲೆಯೂ ಬಹುಕಾಲ ಈ ಪದ್ಧತಿ ತಪ್ಪಲಿಲ್ಲ. ಕನ್ನಡವನ್ನಾಡುವ ಒಕ್ಕಲಿಗನು ತನ್ನದೇ ಹೊಲದ ಆಕಾರವೆಷ್ಟು, ತನ್ನ ಹೆಸರಿನಲ್ಲಿ ಬಾಕಿ ಎಷ್ಟು ಎಂಬುದನ್ನು ತಿಳಿಯಬೇಕಾದರೆ ತನಗೆ ಓದಲು ಬಾರದ ಲಿಪಿಯಲ್ಲಿ, ತನಗೆ ತಿಳಿಯದ ಭಾಷೆಯಲ್ಲಿ ಬರೆದುದನ್ನು ಇನ್ನೊಬ್ಬನ ಬಾಯಿಂದ ಕೇಳಬೇಕಾಗಿತ್ತು. ಕೇಳಿದುದು ನಿಜವೋ ಸುಳ್ಳೋ ಎಂಬುದಕ್ಕೆ ಅವನ ಬಳಿ ಪ್ರಮಾಣವಿರಲಿಲ್ಲ. ಕಲ್ಲಿನ ಕಾಲದಲ್ಲಿ ಅವನಿಗಾಗಿ ಆಕಳು ಕರುವನ್ನಾದರೂ ಕೆತ್ತುತ್ತಿದ್ದರು. ದಫ್ತರದ ಕಾಲದಲ್ಲಿ ಅದೂ ಇಲ್ಲವಾಯಿತು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಿತ್ತೂರಿನ ಕಥೆಯನ್ನು ಮತ್ತೊಮ್ಮೆ ನೋಡಬೇಕು. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆಯು ಹತನಾದುದೂ, ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯು ಬಿದ್ದುದೂ, ಚೆನ್ನಮ್ಮ ರಾಣಿಯು ಬೈಲಹೊಂಗಲದಲ್ಲಿ ಬಂದಿಯಾಗಿದ್ದು 1829ರಲ್ಲಿ ತೀರಿಕೊಂಡುದೂ ಎಲ್ಲರಿಗೂ ತಿಳಿದದ್ದೇ. ಅನಂತರ ಸಂಗೊಳ್ಳಿಯ ರಾಯಣ್ಣನು ದಂಡು ಕಟ್ಟಿಕೊಂಡು ಎದ್ದಾಗ ಅವನ ಜನರು ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟರು. ಖಜಾನೆಯನ್ನು ದೋಚಿದುದು ಯಾವ ದಂಗೆಯಲ್ಲಿಯೂ ಇದ್ದದ್ದೇ; ಕಚೇರಿಯನ್ನು, ಅದರೊಳಗಿನ ಕಾಗದವನ್ನು ಸುಡುವುದರಲ್ಲಿ ಬೇರೊಂದು ಅರ್ಥವಿದೆಯೆಂದು ನನಗೆ ತೋರುತ್ತದೆ. ಹೊಲಗಳನ್ನು ಜಪ್ತು ಮಾಡಿದುದು ಆ ಕಾಗದ, ಪಟ್ಟಿಯನ್ನು ಏರಿಸಿದುದು ಆ ಕಾಗದ. ಅದನ್ನು ಓದಬಲ್ಲವರು ಊರಿಗೊಬ್ಬರು. ತನಗಾಗಿ ಬರೆಯದ ಬರಹಕ್ಕೆ ನಿರಕ್ಷರಿಯಾದ ರೈತನು ಕೊಟ್ಟ ಉತ್ತರವದು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ದಫ್ತರವು ಮಾತ್ರ ಮತ್ತೆ ಹುಟ್ಟಿಕೊಂಡಿತು.

ಕಿತ್ತೂರಿನ ಆ ಮೊದಲ ಯುದ್ಧದಲ್ಲಿ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನೊಬ್ಬನಿದ್ದನು. ಆಗ ಅವನ ವಯಸ್ಸು ಇಪ್ಪತ್ತೊಂದು. ಕೆಲವು ವಾರಗಳ ಕಾಲ ಕೋಟೆಯೊಳಗೆ ಬಂದಿಯಾಗಿದ್ದ ಈತನು ಬಿಡುಗಡೆಯಾದ ಮೇಲೆ ದ್ವೇಷವನ್ನು ಕಟ್ಟಿಕೊಂಡು ಹೋಗಲಿಲ್ಲ. ಧಾರವಾಡದಲ್ಲಿ ಹಲವು ವರ್ಷ ಉಳಿದು, ಕನ್ನಡವನ್ನು ಕಲಿತು, ಕನ್ನಡ ಜಿಲ್ಲೆಗಳ ಮಕ್ಕಳಿಗೆ ಕನ್ನಡದಲ್ಲಿಯೇ ಶಿಕ್ಷಣ ದೊರೆಯತಕ್ಕುದೆಂದು ವಾದಿಸಿದ ಮೊದಲಿಗರಲ್ಲಿ ಒಬ್ಬನಾದನು. ಅದರ ಜೊತೆಗೆ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿ, ಆರು ನೂರಕ್ಕೆ ಸಮೀಪದ ಸಂಖ್ಯೆಯ ದೊಡ್ಡ ಸಂಗ್ರಹವನ್ನು ಸಿದ್ಧಪಡಿಸಿದನು. ಶಾಲೆ ಮತ್ತು ಶಾಸನ ಈ ಎರಡನ್ನೂ ಒಬ್ಬನೇ ಮನುಷ್ಯನು ಕೈಗೆತ್ತಿಕೊಂಡುದು ಆಕಸ್ಮಿಕವಿರಬಹುದು; ಆದರೆ ಈ ಸೀಮೆಯಲ್ಲಿ ಆ ಆಕಸ್ಮಿಕವು ಇನ್ನೊಮ್ಮೆ ಸಂಭವಿಸಿತೆಂಬುದನ್ನು ಮುಂದೆ ಕಾಣುವೆವು.

ಎಲಿಯಟ್ಟನ ಕಾಲದಲ್ಲಿ ಹಳ್ಳಿಯ ವಿದ್ಯೆ ನಡೆಯುತ್ತಿದ್ದುದು ಅಯ್ಯನವರ ಮಠದಲ್ಲಿ, ಗುಡಿಯ ಕಟ್ಟೆಯ ಮೇಲೆ. ಹುಡುಗನು ನೆಲದ ಮೇಲೆ ಹರಡಿದ ಉಸುಕಿನಲ್ಲಿ ಬೆರಳಿನಿಂದ ಓನಾಮ ತಿದ್ದಿ, ಧೂಳಪಾಟಿಯ ಮೇಲೆ ಮಗ್ಗಿ ಬರೆದು ಅಳಿಸಿ, ಬಳಿಕ ಅಮರಕೋಶವನ್ನೋ ಜೈಮಿನಿಭಾರತವನ್ನೋ ರಾಜಶೇಖರವಿಲಾಸವನ್ನೋ ಬಾಯಿಪಾಠ ಮಾಡುತ್ತಿದ್ದನು. ಕಂಠದಲ್ಲಿ ಕಾವ್ಯ ನಿಂತಿತು, ಹೌದು. ಆದರೆ ಪತ್ರ ಓದಲು, ರಸೀದಿಯ ಮೇಲಿನ ಅಂಕಿಯನ್ನು ಪರೀಕ್ಷಿಸಲು ಅದು ಸಾಲದು. ಸರಕಾರವು ತೆರೆದ ಶಾಲೆಗಳಲ್ಲಿಯೋ ಬಹುಕಾಲ ಮರಾಠಿಯದೇ ಪ್ರಾಬಲ್ಯ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು. ಕನ್ನಡದ ಹುಡುಗನಿಗೆ ಕಲಿಯುವ ವಿಷಯಕ್ಕಿಂತ ಮೊದಲು ಕಲಿಸುವ ಭಾಷೆಯನ್ನೇ ಕಲಿಯುವ ಶಿಕ್ಷೆ.

ಇದನ್ನು ತಿರುಗಿಸಿದವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು. ಧಾರವಾಡದಲ್ಲಿ 1834ರಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ಶಿಕ್ಷಣ ಖಾತೆಯನ್ನು ಸೇರಿದ ಅವರು, ಕನ್ನಡದ ಬಗ್ಗೆ ಸಹಾನುಭೂತಿಯುಳ್ಳ ಇನ್ಸ್‌ಪೆಕ್ಟರ ರಸೆಲ್ ಸಾಹೇಬನ ಬೆಂಬಲದಿಂದ ಬೆಳಗಾವಿ–ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಹಳ್ಳಿಹಳ್ಳಿಗೆ ಹೋಗಿ ಶಾಲೆ ತೆರೆಯುವುದು ಅವರ ಕೆಲಸದ ಒಂದು ಭಾಗ ಮಾತ್ರ. ಶಾಲೆಯುಂಟು, ಮಾಸ್ತರನಿಲ್ಲ, ಮಾಸ್ತರನುಂಟು, ಪುಸ್ತಕವಿಲ್ಲ, ಪುಸ್ತಕವುಂಟು, ಅದನ್ನು ಹೇಗೆ ಕಲಿಸಬೇಕೆಂಬುದು ಮಾಸ್ತರನಿಗೆ ಗೊತ್ತಿಲ್ಲ. ಆದುದರಿಂದ ಮಕ್ಕಳಿಗಾಗಿ ಪಾಠಪುಸ್ತಕಗಳೂ, ಮಾಸ್ತರರನ್ನು ತಯಾರಿಸಲು ನಾರ್ಮಲ್ ಶಾಲೆಯೂ, ತಯಾರಾಗಿ ದೂರದ ಹಳ್ಳಿಗಳಲ್ಲಿ ಒಂಟಿಯಾಗಿ ಬಿದ್ದಿದ್ದ ಮಾಸ್ತರರಿಗಾಗಿ ಒಂದು ಪತ್ರಿಕೆಯೂ ಬೇಕಾದುವು. 1860ರ ದಶಕದಲ್ಲಿ ಹೊರಟ ಆ ಮಠಪತ್ರಿಕೆಯೇ ಮುಂದೆ ಜೀವನಶಿಕ್ಷಣವೆಂಬ ಹೆಸರಿನಿಂದ ಬಾಳಿತು. ಜನಸಾಮಾನ್ಯರಿಗೆಲ್ಲ ಬರೆಯುತ್ತೇನೆಂದು ಹೊರಟ ಅದೆಷ್ಟೋ ಪತ್ರಿಕೆಗಳು ಎರಡು ಮೂರು ವರ್ಷಗಳಲ್ಲಿ ಕಣ್ಮುಚ್ಚಿದ ನಾಡಿನಲ್ಲಿ, ಕನ್ನಡ ಸಾಲಿಯ ಮಾಸ್ತರನೊಬ್ಬನನ್ನೇ ಗುರಿಯಾಗಿಟ್ಟುಕೊಂಡ ಪತ್ರಿಕೆಯು ಶತಮಾನವನ್ನು ದಾಟಿ ಉಳಿದುದನ್ನು ಓದುಗರು ಗಮನಿಸಬೇಕು. ಸರಕಾರದ ಆಶ್ರಯವಿತ್ತು ಎಂದು ಹೇಳಿ ಈ ಮಾತನ್ನು ತಳ್ಳಿಹಾಕಬಹುದು. ಆದರೆ ಸರಕಾರದ ಆಶ್ರಯವಿದ್ದೂ ಯಾರೂ ಓದದ ಬರಹವು ನಮ್ಮಲ್ಲಿ ಕಡಿಮೆಯೆ? ಚನ್ನಬಸಪ್ಪನವರು 1881ರಲ್ಲಿ, ಐವತ್ತು ತುಂಬುವುದರೊಳಗೆ, ಕಾಲವಾದರು. ಶೇಕ್ಸ್‌ಪಿಯರನ ತಪ್ಪುಗಳ ಪ್ರಹಸನವನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಿಸಿದವರು ಅವರೇ ಎಂಬುದರಿಂದ, ಕಲಿಸುವವನು ಮುಖ ಗಂಟಿಕ್ಕಿರಬೇಕಾಗಿಲ್ಲವೆಂಬುದು ಅವರಿಗೆ ತಿಳಿದಿತ್ತೆಂದು ಊಹಿಸಬಹುದು.

ಈ ಹೊಸ ಓದುಗವರ್ಗಕ್ಕಾಗಿ ಬರೆದವರಲ್ಲಿ ನಮ್ಮ ಸೀಮೆಯ ಮಗನೊಬ್ಬನಿದ್ದಾನೆ. ಬೈಲಹೊಂಗಲದ ಕಡೆಯ ತುರಮರಿಯೆಂಬ ಚಿಕ್ಕ ಊರಿನವರಾದ ಗಂಗಾಧರ ಮಡಿವಾಳೇಶ್ವರ ತುರಮರಿಯವರು 1827ರಿಂದ 1877ರವರೆಗೆ ಬದುಕಿ, ಅಧ್ಯಾಪಕ ವೃತ್ತಿಯಲ್ಲಿದ್ದು, ಬಾಣಭಟ್ಟನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ತಂದರು. ಈ ಕಥೆಯು ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿಯೇ ನಾಗವರ್ಮನು ಅದನ್ನು ಚಂಪುವಾಗಿ ಹೇಳಿದ್ದನು. ಆದರೆ ನಾಗವರ್ಮನ ಮುಂದೆ ಕುಳಿತಿದ್ದವರು ರಸಿಕರಾದ ಆಸ್ಥಾನವಿದ್ವಾಂಸರು, ವೃತ್ತದ ಗತಿಯನ್ನೂ ಶ್ಲೇಷೆಯ ಚಮತ್ಕಾರವನ್ನೂ ಅರೆಮಾತಿನಲ್ಲಿ ಹಿಡಿಯಬಲ್ಲವರು. ತುರಮರಿಯವರ ಮುಂದೆ ಇದ್ದವರು ಯಾರು? ಕನ್ನಡ ಮೂರನೆಯ, ನಾಲ್ಕನೆಯ ಪುಸ್ತಕವನ್ನು ಮುಗಿಸಿ ಇನ್ನೇನು ಓದಬೇಕೆಂದು ತಿಳಿಯದೆ ಕೈಕಟ್ಟಿ ಕುಳಿತ ತರುಣರು. ನಾರ್ಮಲ್ ಶಾಲೆಯಿಂದ ಹೊರಬಿದ್ದ ಹೊಸ ಮಾಸ್ತರರು. ಪುರಾಣಶ್ರವಣದ ರುಚಿಯುಳ್ಳ, ಆದರೆ ಹಳಗನ್ನಡದ ಗಡಿಯನ್ನು ದಾಟಲಾರದ ಗೃಹಸ್ಥರು. ಚಂಪುವನ್ನು ಬಿಟ್ಟು ಗದ್ಯವನ್ನು ಹಿಡಿದುದು ಇವರಿಗಾಗಿ. ಅವರ ಗದ್ಯವು ಇಂದಿನ ಕಿವಿಗೆ ಸಂಸ್ಕೃತಭೂಯಿಷ್ಠವಾಗಿ ಕೇಳುವುದು ನಿಜ; ಬಾಣನ ಅಡವಿಯೊಳಗೆ ಹೊಕ್ಕವನಿಗೆ ಮುಳ್ಳು ತಗಲದೆ ಬರುವುದು ಸಾಧ್ಯವಿಲ್ಲ. ಆದರೂ, ಬೈಲಹೊಂಗಲದ ಬಗಲಿನ ಹಳ್ಳಿಯವರೊಬ್ಬರು ಆ ಕಥೆಯನ್ನು ರಾಜಸಭೆಯಿಂದ ಶಾಲೆಯ ಕಟ್ಟೆಗೆ ಇಳಿಸಿದರೆಂಬುದನ್ನು ಸಾಹಿತ್ಯಚರಿತ್ರೆಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ಶಾಲೆಗೆ ಹೋದವರ ಮಾತು ಇಷ್ಟಾಯಿತು. ಹೋಗದವರು ಬಹುಸಂಖ್ಯರು. ಅವರಿಗೂ ಗುರುಗಳಿದ್ದರು, ಅವರ ಪುಸ್ತಕ ಲಾವಣಿ, ಅವರ ಶಾಲೆ ಸಣ್ಣಾಟದ ಅಟ್ಟ. ಬೈಲವಾಡದ ಪತ್ತಾರ ಮಾಸ್ತರನು ಕಟ್ಟಿದ ‘ಸಂಗ್ಯಾ ಬಾಳ್ಯಾ’ದ ಕಥೆ ಬೈಲಹೊಂಗಲದಲ್ಲಿ ನಡೆದುದೆಂದು ಜನರ ನಂಬಿಕೆ. ಹಣವಂತನಾದ ಸಂಗ್ಯಾ, ಅವನ ಪ್ರಾಣಮಿತ್ರ ಬಾಳ್ಯಾ, ಈರ್ಯಾನ ಹೆಂಡತಿ ಗಂಗಿ, ನಡುವೆ ಮಾತು ಸಾಗಿಸುವ ಪರಮ್ಮಿ. ಕೊನೆಗೆ ಮಿತ್ರನ ದ್ರೋಹ, ಸಂಗ್ಯಾನ ಕೊಲೆ. ಅದಕ್ಕೂ ಮೊದಲಿನ ಆಟಗಳಲ್ಲಿ ಕಿರೀಟ ಭುಜಕೀರ್ತಿಗಳ ರಾಜರು ಕುಣಿಯುತ್ತಿದ್ದರು. ಇಲ್ಲಿ ಪೇಟೆಯಲ್ಲಿ ದಿನವೂ ಕಾಣುವ ಧೋತರ ರುಮಾಲಿನ ಮನುಷ್ಯನು ಬಂದು ನಿಂತನು. ನೋಡುವವನಿಗೆ ಓಣಿ ಪರಿಚಿತ, ಮಾತು ಪರಿಚಿತ, ಪಾಪವೂ ಪರಿಚಿತ. ನೀತಿಯನ್ನು ಬೋಧಿಸುತ್ತೇನೆಂದು ಎಲ್ಲಿಯೂ ಹೇಳದೆ, ಗಂಗಿಯ ಮೇಲೆಯೂ ಕನಿಕರ ಹುಟ್ಟುವಂತೆ ಬರೆದ ಆ ಮಾಸ್ತರನ ಧೈರ್ಯವು ಸಾಮಾನ್ಯವಾದುದಲ್ಲ. ಆ ಕಾಲದ ಪಾಠಪುಸ್ತಕಗಳ ಸುನೀತಿಯ ಕಥೆಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ, ಶಾಲೆಯ ಮಾಸ್ತರರಿಗಿಂತ ಅಟ್ಟದ ಮಾಸ್ತರನೇ ತನ್ನ ಶಿಷ್ಯರನ್ನು ಹೆಚ್ಚು ಬಲ್ಲವನಾಗಿದ್ದನೆನ್ನಬೇಕಾಗುತ್ತದೆ. ಇದೇ ನೆಲದ ಏಣಗಿಯಿಂದ ಹೊರಟ ಬಾಳಪ್ಪನವರು ಇಪ್ಪತ್ತನೆಯ ಶತಮಾನದಲ್ಲಿ ಕಂಪನಿ ನಾಟಕದ ರಂಗದ ಮೇಲೆ ಬಸವಣ್ಣನಾಗಿ ನಿಂತಾಗ ಮುಂದುವರಿದುದು ಈ ಪರಂಪರೆಯೇ.

ರಾಯಣ್ಣನ ಮೇಲೆಯೂ ಲಾವಣಿ ಹುಟ್ಟಿತು. ಕಲೆಕ್ಟರನನ್ನು ಕೊಂದ ಊರಿನ ಬಂಡಾಯಗಾರನ ಕೀರ್ತಿಯನ್ನು ಸರಕಾರದ ಪಾಠಪುಸ್ತಕವು ಹೇಳಬೇಕೆಂದು ಯಾರೂ ನಿರೀಕ್ಷಿಸುವಂತಿರಲಿಲ್ಲ. ಆ ಪಾಠವನ್ನು ಹೇಳಿಕೊಟ್ಟವರು ಡಪ್ಪು ತುಂತುಣಿಗಳ ಹಾಡುಗಾರರು. ಎಲಿಯಟ್ಟನ ಕಥೆಯಲ್ಲಿ ನಾನು ಸೂಚಿಸಿದ್ದ ಆಕಸ್ಮಿಕವು ಮರುಕಳಿಸಿದುದು ಇಲ್ಲಿಯೇ. 1867ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಬಂದ ಜಾನ್ ಫೇಯ್ತ್‌ಫುಲ್ ಫ್ಲೀಟನು 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರನಾದನು. ಸವದತ್ತಿಯ ರಟ್ಟರ ಶಾಸನಗಳನ್ನು ಓದಿ, ಮುಂಬಯಿಯ ಏಷಿಯಾಟಿಕ್ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದವನು ಅವನೇ. 1885ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಕನ್ನಡ ಲಾವಣಿಗಳನ್ನು ಮೂಲದೊಡನೆ ಅಚ್ಚು ಹಾಕಿಸಿದವನೂ ಅವನೇ. ಆ ಲಾವಣಿಗಳಲ್ಲಿ ಸಂಗೊಳ್ಳಿಯ ರಾಯಣ್ಣನದೂ ಇದೆ, ಬೈಲಹೊಂಗಲದ ಸಂಗ್ಯಾನದೂ ಇದೆ. ಕಲ್ಲು, ಶಾಲೆ, ಹಾಡು ಈ ಮೂರನ್ನೂ ಮುಟ್ಟಿದ ಈ ಮನುಷ್ಯನಿಗೆ ಕನ್ನಡಿಗರು ಕೃತಜ್ಞರಾಗಿರತಕ್ಕುದೇ. ಆದರೆ ಅವನು ಬರೆದುದು ಲಂಡನ್ನಿನ, ಮುಂಬಯಿಯ ವಿದ್ವಾಂಸರಿಗೆ; ಸವದತ್ತಿಯ ಕಲ್ಲಿನ ಅರ್ಥವು ಸವದತ್ತಿಯವನಿಗೆ ಗೊತ್ತಾಗುವ ಮೊದಲು ಸಮುದ್ರದಾಚೆಯವನಿಗೆ ಗೊತ್ತಾಯಿತು. 1884ರಲ್ಲಿ ಹೊರಬಿದ್ದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರೂ ಇಂಗ್ಲಿಷಿನಲ್ಲಿಯೇ, ಅಧಿಕಾರಿಗಳ ಉಪಯೋಗಕ್ಕಾಗಿಯೇ. ವೆಂಕಟ ರಂಗೋ ಕಟ್ಟಿಯವರು 1893ರಲ್ಲಿ ಕನ್ನಡದಲ್ಲಿ ಗ್ಯಾಝೆಟಿಯರನ್ನು ಬರೆದು ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿದರು. ಅದಕ್ಕೆ ಮೂರು ವರ್ಷ ಮೊದಲು, 1890ರಲ್ಲಿ, ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಗ್ರಂಥ ಬರೆಯುವವರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಆರಂಭಿಸಿತ್ತು.

ಬರೆಯುವವರು ಸಿಕ್ಕರು, ಪುಸ್ತಕ ಸಿಕ್ಕಿತು. ಓದುವ ಹುಡುಗನ ಹೊಟ್ಟೆಗೆ ಯಾರು ದಿಕ್ಕು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಸವದತ್ತಿ ತಾಲೂಕಿನ ಶಿರಸಂಗಿಯ ದೇಸಾಯರು. ದತ್ತಕರಾಗಿ ಆ ವಾಡೆಗೆ ಬಂದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಉತ್ಪನ್ನವು ಸಮಾಜದ ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಕಲಿತು ದೊಡ್ಡವರಾದವರ ಪೀಳಿಗೆಯೇ ಇದೆ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಒಂದೇ ಒಂದು ಕಾಗದ. ಆದರೆ ಈ ಸೀಮೆಯಲ್ಲಿ ಬರೆಯಲ್ಪಟ್ಟ ಅತ್ಯಂತ ಫಲಪ್ರದವಾದ ಕಾಗದ.

ರಾಮದುರ್ಗದ ವಿಷಯವನ್ನು ಸಂಕ್ಷೇಪಿಸುತ್ತೇನೆ. ಭಾವೆ ಮನೆತನದ ಆ ಚಿಕ್ಕ ಸಂಸ್ಥಾನದಲ್ಲಿ ಅರಮನೆಯ ಭಾಷೆ ಮರಾಠಿ, ಪ್ರಜೆಗಳ ಭಾಷೆ ಕನ್ನಡ. ಆಳುವವರ ಮಾತು ಆಳಿಸಿಕೊಳ್ಳುವವರಿಗೆ ಮುಟ್ಟದ ಆ ಊರಿನಲ್ಲಿ 1939ರ ಏಪ್ರಿಲಿನಲ್ಲಿ ಪ್ರಜೆಗಳ ಚಳವಳಿಯು ರಕ್ತಪಾತದಲ್ಲಿ ಮುಗಿಯಿತು. ತೆರಿಗೆ, ಅಧಿಕಾರ ಮುಂತಾದ ಕಾರಣಗಳು ಅದಕ್ಕೆ ಬೇರೆ ಇದ್ದುವು, ಭಾಷೆಯೊಂದರ ಮೇಲೆಯೇ ಹೊರೆ ಹೊರಿಸುವುದು ಸಲ್ಲದು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ನಾಲ್ಕೂ ಊರುಗಳು ಬೆಳಗಾವಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿದುವು, ಶಾಲೆಯೂ ಕಚೇರಿಯೂ ಕನ್ನಡವಾದುವು.

ಇನ್ನುಳಿದಿರುವ ಕೆಲಸವೊಂದಿದೆ, ಅದು ದೊಡ್ಡದೇನೂ ಅಲ್ಲ. ರಟ್ಟರ ಶಾಸನಗಳ ಪಾಠಗಳು ವಿದ್ವತ್ಪತ್ರಿಕೆಗಳ ಸಂಪುಟಗಳಲ್ಲಿವೆ; ಲಾವಣಿಗಳೂ ಅಲ್ಲಿಯೇ ಇವೆ. ಹೂಲಿಯ, ಸೊಗಲದ, ಸವದತ್ತಿಯ ಕಲ್ಲುಗಳನ್ನು ದಿನವೂ ದಾಟಿ ಶಾಲೆಗೆ ಹೋಗುವ ಏಳನೆಯ ತರಗತಿಯ ಹುಡುಗ ಹುಡುಗಿಯರಿಗೆ ತಿಳಿಯುವಂತೆ, ಅವರ ಊರಿನ ಒಂದೊಂದು ಕಲ್ಲನ್ನು ಸರಳವಾದ ಹೊಸಗನ್ನಡದಲ್ಲಿ, ಅದೇ ಹಳ್ಳ, ಅದೇ ಬಟ್ಟೆ, ಅದೇ ಕೆರೆಯ ಹೆಸರುಗಳೊಡನೆ ಬರೆದು, ನಾಲ್ಕು ಪುಟದ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿ ಹಂಚುವುದಕ್ಕೆ ಈ ನಾಲ್ಕು ತಾಲೂಕುಗಳ ಶಿಕ್ಷಕರೂ ಗ್ರಾಮಪಂಚಾಯತಿಗಳೂ ಮುಂದೆ ಬರಬೇಕು.